ಕಮಲಾಪುರದ ಬಸ್ಸಿನಲ್ಲಿ ಬರುತ್ತಿದ್ದ ಹಿಂಡಿ ಚೀಲ

ಹೋದ ತಿಂಗಳು ನನ್ನ ಗಂಡ ನಮ್ಮ ನಾಯಿಗೆಂದು ಒಂದು ಶಕ್ತಿಪುಡಿಯ ಡಬ್ಬಿ ತಂದರು. ನಾಯಿಗೆ ವಯಸ್ಸಾಗಿದೆ, ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಹಿಂಗಾಲು ಎಳೆಯುತ್ತದೆ. ಡಬ್ಬಿಯ ಮೇಲೆ ಹಾರಿ ಓಡುವ ನಾಯಿಯ ಚಿತ್ರವಿತ್ತು. ಅನ್ನದಲ್ಲಿ ಒಂದು ಚಮಚ ಕಲಸಿ ಕೊಟ್ಟರೆ ಸಾಕಂತೆ, ಕೀಲು ಗಟ್ಟಿಯಾಗುತ್ತವಂತೆ, ಮೈ ಹೊಳೆಯುತ್ತದಂತೆ. ಕಲಸೋಣವೆಂದು ಮುಚ್ಚಳ ತೆಗೆದೆ. ಕಾಕಂಬಿಯ ಸಿಹಿ, ಅದರ ಅಡಿಯಲ್ಲಿ ಹುಳಿ ಬಂದ ಹಿಟ್ಟಿನಂಥ ಒಂದು ವಾಸನೆ... ಚಮಚ ಕೈಯಿಂದ ಜಾರಿ ಬಿತ್ತು.

"ಯಾರನ್ನ ಕೇಳಿ ತಂದ್ರಿ ಇದನ್ನ? ಡಾಕ್ಟರ್ ಹೇಳ್ಯಾರೇನು?" ಎಂದು ಗಂಡನ ಮೇಲೆ ಹರಿಹಾಯ್ದೆ.

"ಅಯ್ಯ, ಅಂಗಡ್ಯಾಂವ ಛಲೋ ಅದ ಅಂದ, ತಂದೆ. ತಾಕತ್ತಿಂದು ಅದ ಅಷ್ಟೇ. ವಿಷ ಏನಲ್ಲ ಬಿಡು."

ಡಬ್ಬಿಯನ್ನು ಅಟ್ಟಕ್ಕೆ ಸೇರಿಸಿದೆ. ಡಾಕ್ಟರಿಗೆ ತೋರಿಸದ ಹೊರತು ಅದು ಕೆಳಗೆ ಇಳಿಯುವುದಿಲ್ಲ ಎಂದೆ. ನನ್ನ ಹೆದರಿಕೆಗೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ದೊಡ್ಡ ಹೆಸರು. ಹಲ್ಲಿ ಲೊಚಗುಟ್ಟಿದರೂ ನಾನು ಎದ್ದು ಕೂರುತ್ತೇನೆ ಎಂದು ನಗುತ್ತಾರೆ. ನಗಲಿ. ಆದರೆ ಈ ಒಂದು ವಾಸನೆಯ ಹೆದರಿಕೆ ಹುಟ್ಟಿನಿಂದ ಬಂದದ್ದಲ್ಲ. ಅದು ನನಗೆ ಶಹಾಬಜಾರದಲ್ಲಿ, ಕುದುರಿ ಮಾವಶಿಯ ಅಂಗಳದಲ್ಲಿ ಅಂಟಿಕೊಂಡದ್ದು.

ಆಗ ನಾವು ಶಹಾಬಜಾರದ ಒಂದು ಓಣಿಯಲ್ಲಿ ಬಾಡಿಗೆಗಿದ್ದೆವು, ನಾನು ಡಿಗ್ರಿ ಓದುತ್ತಿದ್ದೆ. ನಮ್ಮ ಗೋಡೆಗೆ ಗೋಡೆ ಹತ್ತಿಕೊಂಡ ಮನೆ ಮಾವಶಿಯದು. ನಮಗೆ ಅವಳು ರಕ್ತ ಸಂಬಂಧವೇನೂ ಅಲ್ಲ. ಅರ್ಧ ಮರಾಠಿ ಅರ್ಧ ಕನ್ನಡ ಆಡುವ ನಮ್ಮ ಆಯಿ, ಅಂದರೆ ಅವ್ವ, ಕಲಿಸಿದಂತೆ ನಾನು ಚಿಕ್ಕಮ್ಮನನ್ನು ಕರೆದ ಹಾಗೆ ಮಾವಶಿ ಎನ್ನುತ್ತಿದ್ದೆ. ಅವಳ ಮನೆಯಲ್ಲಿ ಬಿಳಿ ಕುದುರೆಯೊಂದು ಇತ್ತಾದ್ದರಿಂದ ಓಣಿಗೆಲ್ಲ ಅವಳು ಕುದುರಿ ಮಾವಶಿಯಾದಳು. ಅದು ಮದುವೆಯ ಕುದುರೆ. ಮದುಮಗನನ್ನು ಕೂಡಿಸಿಕೊಂಡು ಬ್ಯಾಂಡಿನ ಹಿಂದೆ ಹೆಜ್ಜೆ ಹಾಕುವುದೇ ಅದರ ಕೆಲಸ.

ಮೊದಲು ಆ ಕುದುರೆಯ ಲಗಾಮು ಹಿಡಿಯುತ್ತಿದ್ದವನು ಅವಳ ಗಂಡ. ಅವನು ತೀರಿಕೊಂಡಾಗ ಕುದುರೆ ಮಾರಿಬಿಡುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು. ಮಾವಶಿ ಮಾರಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ತಾನೇ ಲಗಾಮು ಹಿಡಿದಳು. ಗಂಡ ಸತ್ತ ಹೆಂಗಸು ಮದುಮಗನ ಮುಂದೆ ನಡೆಯುವುದೇ ಎಂದು ಕೆಲವು ಮದುವೆಗಳಲ್ಲಿ ಹಿರಿಯರು ಗೊಣಗುತ್ತಿದ್ದರು. "ಮದುವಿ ಗಂಡು ನಿಮ್ಮಂವ ರೀ, ಕುದುರಿ ನಂದು. ಇಳಿಸಿ ನಡಸ್ಕೊಂತ ಒಯ್ತೀರೇನು?" ಎನ್ನುತ್ತಿದ್ದಳು ಮಾವಶಿ. ಅಲ್ಲಿಗೆ ಗೊಣಗಾಟ ಬಂದ್. ಮನೆಗೆ ಬಂದು ಅದನ್ನೆಲ್ಲ ಅಭಿನಯ ಮಾಡಿ ತೋರಿಸುವಳು, ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಕುದುರೆಯ ಹೆಸರು ಚಾಂದನಿ. ನನಗೆ ಅದನ್ನು ಕಂಡರೆ ಜೀವ ಹೋಗುತ್ತಿತ್ತು. ಅದರ ಹಳದಿ ಹಲ್ಲು, ಕಲ್ಲಿನ ಮೇಲೆ ಟಕ್ಕೆನ್ನುವ ಗೊರಸು, ಕಾರಣವಿಲ್ಲದೆ ಹೊರಳುವ ಆ ದೊಡ್ಡ ಕಣ್ಣು... ನಳದ ನೀರಿಗೆ ಅದರ ಮುಂದೆಯೇ ಹಾದು ಹೋಗಬೇಕಿತ್ತು. ಕೊಡ ಎದೆಗೆ ಹಿಡಿದು ಗೋಡೆಗೆ ಉಜ್ಜಿಕೊಂಡು ನಡೆಯುತ್ತಿದ್ದೆ. "ಅದು ಪಾಪದ್ದು ಅದ, ನೀನೇ ಅದನ್ನ ಅಂಜಸ್ತಿ" ಎಂದು ಮಾವಶಿ ಬೈಯುತ್ತಿದ್ದಳು.

ಆಷಾಢ ಬಂದರೆ ಮದುವೆಗಳು ನಿಲ್ಲುತ್ತವೆ, ಮತ್ತೆ ತುಳಸಿ ಲಗ್ನ ಆಗುವವರೆಗೆ ಕುದುರೆಗೆ ಕೆಲಸವಿಲ್ಲ. ಆ ತಿಂಗಳುಗಳಲ್ಲಿ ಚಾಂದನಿ ಕಮಲಾಪುರಕ್ಕೆ ಹೋಗುತ್ತಿತ್ತು. ಅಲ್ಲಿ ಮಾವಶಿಯ ತಮ್ಮನ ಹೊಲವಿತ್ತು. ನಾನು ಅವನನ್ನು ಮಾಮಾ ಎನ್ನುತ್ತಿದ್ದೆ. ಕೆಂಪು ಬಾಳೆ ಬೆಳೆಯುತ್ತಿದ್ದ, ಎಮ್ಮೆ ಸಾಕಿದ್ದ. ಚಾಂದನಿ ಮರಿಯಾಗಿದ್ದಾಗ ಅದಕ್ಕೆ ಹಾಲು ಕುಡಿಸಿ ದೊಡ್ಡದು ಮಾಡಿದವನು ಅವನೇ, ಹಾಗಾಗಿ ಅದರ ಮೇಲೆ ಅಕ್ಕನಿಗಿಂತ ಹೆಚ್ಚು ಹಕ್ಕು ತನ್ನದೆಂದು ತಿಳಿದಿದ್ದ. ಮದುವೆ ಕುದುರೆಯ ಮೈ ಕನ್ನಡಿಯಂತಿರಬೇಕು. ಇಲ್ಲದಿದ್ದರೆ ಜನ ಬೇರೆಯವರ ಕುದುರೆ ನೋಡಿಕೊಳ್ಳುತ್ತಾರೆ. ಮಾವಶಿ ನೆನೆಸಿದ ಕಡಲೆ, ಚೂರು ಬೆಲ್ಲ, ಒಂದು ಚಿಟಿಕೆ ಅಜವಾನ ಇಷ್ಟರಲ್ಲೇ ಅದನ್ನು ಮಾಡುತ್ತಿದ್ದಳು. ಮಾಮಾನಿಗೆ ಅದು ಸಾಲದು. ಪ್ರತಿ ವರ್ಷ ಅಕ್ಕನಿಗೆ ಕುದುರೆಯನ್ನು ಮಿರಿಮಿರಿ ಮಿಂಚಿಸಿ ಒಪ್ಪಿಸಬೇಕು, ಅದು ಅವನ ಹಟ.

ಒಂದು ವರ್ಷ ದೀಪಾವಳಿ ಹತ್ತಿರ ಬಂದಿತ್ತು. ಬೆಳಿಗ್ಗೆ ಮಾವಶಿಯ ಫೋನು ಬಾರಿಸಿತು. ಅತ್ತ ಕಡೆಯಿಂದ ಮಾಮಾ ಕೂಗಿದ್ದು ಗೋಡೆಯಾಚೆ ನಿಂತ ನನಗೂ ಕೇಳಿಸಿತು. "ಅಕ್ಕಾ, ಚಾಂದನಿ ಏಳವಲ್ದು. ಲಗು ಬಾ."

ಒಬ್ಬಳೇ ಹೋಗುವ ಸ್ಥಿತಿಯಲ್ಲಿ ಮಾವಶಿ ಇರಲಿಲ್ಲ. ಆಯಿ ನನ್ನನ್ನು ಜೊತೆಗೆ ಕಳಿಸಿದಳು. ಬಸ್ಸಿನಲ್ಲಿ ನನ್ನ ತೋಳು ಹಿಡಿದವಳು ಕಮಲಾಪುರ ಬರುವವರೆಗೆ ಬಿಡಲಿಲ್ಲ. ಇಳಿದಾಗ ನೋಡಿದರೆ ಅವಳ ಉಗುರಿನ ಗುರುತು ನನ್ನ ಚರ್ಮದಲ್ಲಿ ಮೂಡಿತ್ತು.

ಕೊಟ್ಟಿಗೆಯ ಮುಂದೆ ಚಾಂದನಿ ಬಿದ್ದಿತ್ತು. ನಾನು ಅಲ್ಲಿಯವರೆಗೆ ಕುದುರೆ ಮಲಗಿದ್ದನ್ನು ನೋಡಿರಲಿಲ್ಲ. ಬಿಳಿ ಮೈ ಬೆವರಿನಲ್ಲಿ ತೊಯ್ದು ಹಳದಿಯಾಗಿತ್ತು, ತೊಡೆಗಳು ಅದುರುತ್ತಿದ್ದವು. ಮಾವಶಿಯ ದನಿ ಕೇಳಿದ್ದೇ ತಡ, ಮುಂಗಾಲು ಊರಿ ಏಳಲು ನೋಡಿತು. ಅರ್ಧ ಎದ್ದಿತು. ಹಿಂದಿನ ಮೈ ಏಳಲಿಲ್ಲ, ಧೊಪ್ಪನೆ ಕುಸಿಯಿತು. ಆ ಸದ್ದು... ಇಷ್ಟು ದಿನ ಅದು ನನ್ನ ಮೇಲೆ ಬರುತ್ತದೆಂದು ಹೆದರಿದವಳು ನಾನು. ಅವತ್ತು ಅದು ಏಳುವುದೇ ಇಲ್ಲವೇನೋ ಎಂದು ಹೆದರಿದೆ.

ಮಾಮಾ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದ. "ಏನ್ ಕಡಿಮಿ ಮಾಡ್ದೆ ನಾ? ಈ ಸಲ ಎಮ್ಮಿಗಿ ಹಾಕೋ ಹೊಸಾ ಛಲೋ ಹಿಂಡಿನೇ ಹಾಕಿನಿ, ಎಮ್ಮಿಗಿಂತ ಒಂದು ಬೊಗಸಿ ಜಾಸ್ತಿನೇ ಹಾಕಿನಿ. ತಾಕತ್ತಿನ ಪುಡಿ ಸುದ್ದಾ ಕಲಸೀನಿ ಅಕ್ಕಾ!" ಬದಿಯಲ್ಲಿ ಬಕೇಟಿನಲ್ಲಿ ಆ ಹಿಂಡಿ ಇನ್ನೂ ಉಳಿದಿತ್ತು. ಕಾಕಂಬಿಯ ಸಿಹಿ, ಅದರ ಅಡಿಯಲ್ಲಿ ಹುಳಿ.

ದನದ ಡಾಕ್ಟರು ಬಂದರು. ಕುದುರೆಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಆಮೇಲೆ ಬಕೇಟಿನ ಹಿಂಡಿ ಬೆರಳಲ್ಲಿ ತಿಕ್ಕಿ ಮೂಸಿದರು, ಚೀಲ ಮತ್ತು ಪುಡಿಯ ಪಾಕೀಟು ತರಿಸಿ ಓದಿದರು. ಮಾಮಾ ಆಗ ಕುದುರೆಗೆ ತಣ್ಣೀರು ತರಲು ಬಾವಿಗೆ ಓಡಿದ್ದ.

"ಎಮ್ಮಿ ಹಾಲು ಹೆಚ್ಚು ಕೊಡಲಿ, ಮೈ ತುಂಬ್ಕೊಳ್ಲಿ ಅಂತ ಇದರಾಗ ಒಂದು ಔಷಧ ಬೆರೆಸಿರ್ತಾರ್ರೀ. ದನಕ್ಕ ಏನೂ ಆಗಂಗಿಲ್ಲ. ಕುದುರಿಗಿ ಮಾತ್ರ ಇದು ವಿಷ. ಸೀದಾ ಗುಂಡಿಗಿ ಹಿಡಿತದ. ಯಾರು ಹಾಕಿದ್ರು ಇದನ್ನ?"

ಮಾವಶಿ ಬಾವಿಯ ಕಡೆ ನೋಡಿದಳು. ಆಮೇಲೆ ಡಾಕ್ಟರ ಮುಂದೆ ಕೈ ಮುಗಿದಳು. "ಸಾಹೇಬ್ರ, ನಿಮ್ಮ ಕಾಲಿಗಿ ಬೀಳ್ತೀನಿ. ನನ್ನ ತಮ್ಮಗ ಇದು ಹೇಳಬ್ಯಾಡ್ರಿ. ಹೊಟ್ಟಿ ಬ್ಯಾನಿ ಅಂತ ಹೇಳ್ರಿ."

"ಹೇಳ್ಲಿಲ್ಲಂದ್ರ ಮತ್ತ ಹಾಕ್ತಾರ ಅಲ್ಲೇನ್ರೀ?"

"ನಾ ಹಾಕಗೊಡಂಗಿಲ್ರಿ. ಕುದುರಿ ನಂದು ಅದ, ನಾ ನೋಡ್ಕೋತೀನಿ. ಅವನ್ನ ಹ್ಯಾಂಗ ನೋಡ್ಕೊಳ್ಳಿ ನಾ? ನಮ್ಮಪ್ಪ ಸಾಯೋ ಮುಂದ ದವಾಖಾನ್ಯಾಗ ಇವನೇ ಕುಂತಿದ್ದ. ಒಂದು ಗಳಿಗಿ ಚಾ ಕುಡಿಲಾಕ ಹೊರಗ ಹೋಗ್ಯಾನ, ಅಪ್ಪ ಹೋಗಿಬಿಟ್ಟ. ಅವತ್ತಿನಿಂದ ಇವ ಚಾ ಮುಟ್ಟಿಲ್ರಿ. ಅನ್ನ ಬಿಟ್ಟು ಹಾಸಿಗಿ ಹಿಡಿದಿದ್ದ, ನಾವು ಹರಸಾಹಸ ಮಾಡಿ ಉಳಿಸ್ಕೊಂಡೀವಿ. ಈಗ ತನ್ನ ಕೈಲೇ ಚಾಂದನಿಗಿ ವಿಷ ಹಾಕೀನಿ ಅಂತ ಗೊತ್ತಾದ್ರ ಅವ ಉಳಿಯಂಗಿಲ್ಲ."

ಬಾವಿಯ ಕಡೆಯಿಂದ ಕೊಡ ಹೊತ್ತು ಮಾಮಾ ಓಡಿ ಬರುತ್ತಿದ್ದ. "ಇದಕ್ಕ ಮದ್ದಿಲ್ಲ" ಎಂದರು ಡಾಕ್ಟರು ದನಿ ತಗ್ಗಿಸಿ. "ಹಿಂಡಿ ಬಂದ್ ಮಾಡ್ರಿ, ಬರೇ ಹುಲ್ಲು ನೀರು. ಉಳಿದ್ರೂ ಗುಂಡಿಗಿ ಮೊದಲಿನಂಗ ಇರಂಗಿಲ್ಲ. ತಿಂತದ, ನಿಲ್ತದ, ನೋಡ್ಲಾಕ ಛಲೋನೇ ಕಾಣ್ತದ. ಆದ್ರ ಯಾವಾಗ ಬೀಳ್ತದ ಹೇಳ್ಲಾಕ ಬರಂಗಿಲ್ಲ. ಇನ್ನ ಮ್ಯಾಲ ಅದರ ಮ್ಯಾಲ ಮನಷ್ಯಾರನ್ನ ಕೂಡಸಬ್ಯಾಡ್ರಿ." ಮಾಮಾ ಬಂದಾಗ ಹೊಟ್ಟೆಶೂಲೆ ಎಂದಷ್ಟೇ ಹೇಳಿ, ಒಂದು ಸೂಜಿ ಹಾಕಿ ಹೋದರು.

ಚಾಂದನಿ ಎದ್ದು ನಿಂತಿತು. ಅದಕ್ಕೆ ಎಷ್ಟೋ ದಿನ ಹಿಡಿಯಿತು. ಮಾವಶಿ ಅಷ್ಟೂ ದಿನ ಕೊಟ್ಟಿಗೆಯಲ್ಲೇ ಇದ್ದು, ತಮ್ಮ ಹತ್ತಿರ ಸುಳಿದರೆ ಡಾಕ್ಟರು ಹುಲ್ಲು ಬಿಟ್ಟು ಏನೂ ಹಾಕಬೇಡ ಎಂದಿದ್ದಾರೆ ಎಂದು ಗದರುತ್ತಿದ್ದಳಂತೆ. ಆಮೇಲೆ ಟೆಂಪೋದಲ್ಲಿ ಶಹಾಬಜಾರಕ್ಕೆ ಕರೆತಂದಳು. ಊರಿಗೆ ಬಂದ ಕುದುರೆ ನೋಡಲು ಮೊದಲಿನಂತೆಯೇ ಇತ್ತು. ಅದೇ ನನಗೆ ತಡೆಯಲಾರದ ಹೆದರಿಕೆ. ನರಳುವುದಾದರೂ ನರಳಿದ್ದರೆ ಗೊತ್ತಾಗುತ್ತಿತ್ತು. ಇದು ಬಾಲ ಬೀಸುತ್ತ, ಜೋಳದ ಕಣಕಿ ಜಗಿಯುತ್ತ ಆರಾಮವಾಗಿ ನಿಂತಿರುತ್ತಿತ್ತು. ಓದುತ್ತ ಕೂತಾಗ ಗೊರಸಿನ ಸದ್ದು ನಿಂತರೆ ನನ್ನ ಜೀವವೂ ನಿಲ್ಲುತ್ತಿತ್ತು. ಎದ್ದು ಹೋಗಿ ಇಣುಕಿ ನೋಡಿ ಬರುತ್ತಿದ್ದೆ.

ತುಳಸಿ ಲಗ್ನವಾಯಿತು, ಮದುವೆಯವರು ಬರತೊಡಗಿದರು. ಮಾವಶಿ ಎಲ್ಲರನ್ನೂ ವಾಪಸು ಕಳಿಸಿದಳು. ಬೇರೆ ಕುದುರೆಯವರಿಗೆ ಜೀನಿನ ಮೇಲೆ ಹಾಸುವ ಬಟ್ಟೆ, ಬೆನ್ನಿಗೆ ಹೊದಿಸುವ ಕನ್ನಡಿ ಹಚ್ಚಿದ ಝೂಲು ಹೊಲಿದು ಕೊಟ್ಟು ಬದುಕಲು ಶುರುಮಾಡಿದಳು. ಕುದುರೆಯನ್ನು ಯಾಕೆ ಮದುವೆಗೆ ಒಯ್ಯುತ್ತಿಲ್ಲ ಎಂದು ತಮ್ಮ ಕೇಳಿದ್ದಕ್ಕೆ, ತನ್ನ ಮೊಣಕಾಲು ಹೋಗಿದೆ, ಮೆರವಣಿಗೆಯಲ್ಲಿ ನಡೆಯಲು ಆಗುವುದಿಲ್ಲ ಎಂದಳು. ಅಂದಿನಿಂದ ಮಾಮಾ ಓಣಿಯ ತುದಿಯಲ್ಲಿ ಕಂಡನೆಂದರೆ ಇವಳು ಕುಂಟಲು ಶುರು. ಅವನು ಬಸ್ಸು ಹತ್ತಿದ ಮೇಲೆ ಸೆರಗು ಸಿಕ್ಕಿಸಿಕೊಂಡು ಸರಸರ ಓಡಾಡುವಳು. "ಯವ್ವಾ, ಈ ಸಲ ಯಾವ ಕಾಲು ಕುಂಟಿದ್ನೋ ಮರತೇ ಹೋತು ನೋಡು" ಎಂದು ನನ್ನನ್ನೂ ನಗಿಸುತ್ತಿದ್ದಳು.

ಆದರೆ ಮಾಮಾ ಸುಮ್ಮನಿರುವವನಲ್ಲ. ಕುದುರೆ ಬಡವಾಗಿದೆ, ಅಕ್ಕನ ಕೈಯಲ್ಲಿ ಏನೂ ಇಲ್ಲ ಎಂದುಕೊಂಡವನೇ ಕಮಲಾಪುರದಿಂದ ಬಸ್ಸಿನಲ್ಲಿ ಹಿಂಡಿ ಕಳಿಸತೊಡಗಿದ. ಅದೇ ಹಿಂಡಿ, ಆ ತಾಕತ್ತಿನ ಪುಡಿಯನ್ನೂ ಕಲಸಿ. ವಾರದ ಸಂತೆಯ ಮರುದಿನ ಬಸ್ ನಿಲ್ದಾಣದಿಂದ ಯಾರಾದರೂ ಚೀಲ ತಂದು ಬಾಗಿಲಿಗೆ ಇಡುತ್ತಿದ್ದರು. ಬೇಡವೆಂದು ಒಮ್ಮೆ ಹೇಳಿದ್ದಕ್ಕೆ, "ಅಕ್ಕಾ, ನನ್ನ ಮ್ಯಾಲ ಸಿಟ್ಟಾಗೀ ಏನು? ನಾ ಏನರ ತಪ್ಪು ಮಾಡೀನೇನು?" ಎಂದು ಫೋನಿನಲ್ಲೇ ಅತ್ತನಂತೆ. ಅಲ್ಲಿಗೆ ಮುಗಿಯಿತು. ಮಾವಶಿ ಚೀಲ ಇಳಿಸಿಕೊಳ್ಳುವಳು, ಬಾಗಿಲ ಒಳಗೆ ಇಟ್ಟು ಚಿಲಕ ಹಾಕುವಳು, ಸಂಜೆ ಎಮ್ಮೆಯ ಗೌಳಿ ಬಂದು ಒಯ್ಯುವನು. ಆಮೇಲೆ ಫೋನು ಹಚ್ಚಿ, "ಬಂತಪ್ಪ, ಬಂತು. ಎಷ್ಟು ಚಂದ ತಿನ್ಲಾಕತ್ತಾದ ನೋಡು" ಎನ್ನುವಳು. ಅದನ್ನು ಹೇಳುವಾಗ ಅವಳ ದನಿ ಒಂದಿಷ್ಟೂ ನಡುಗುತ್ತಿರಲಿಲ್ಲ, ನಡುಗುತ್ತಿದ್ದವಳು ನಾನು.

ಒಂದು ಮಧ್ಯಾಹ್ನ ಮಾವಶಿ ದಾರ ತರಲು ಪೇಟೆಗೆ ಹೋಗಿದ್ದಳು. ಅವಳಿಲ್ಲದ ಹೊತ್ತಿನಲ್ಲಿ ಚೀಲ ಬಂದಿದೆ, ತಂದವನು ಅಂಗಳದಲ್ಲೇ ಇಟ್ಟು ಹೋಗಿದ್ದಾನೆ. ನಾನು ಹೊರಗೆ ಬಂದಾಗ ಚಾಂದನಿಯ ಹಗ್ಗ ಬಿಚ್ಚಿತ್ತು. ಚೀಲದ ಬಾಯಿಯ ಹೊಲಿಗೆಯನ್ನು ಹಲ್ಲಿನಿಂದ ಹಿಡಿದು ಎಳೆಯುತ್ತಿತ್ತು. ದಾರ ಪಟಪಟ ಕಿತ್ತುಬಂತು, ಆ ವಾಸನೆ ಅಂಗಳಕ್ಕೆಲ್ಲ ಹರಡಿತು. ಕುದುರೆ ಮೂತಿ ಒಳಗೆ ಹಾಕಿತು.

ನಾನು ಹೇಗೆ ಅಲ್ಲಿಗೆ ಹೋದೆನೋ ನನಗೆ ಗೊತ್ತಿಲ್ಲ. ಚೀಲದ ತುದಿ ಹಿಡಿದು ಎಳೆದೆ. ಅದು ಬಿಡಲಿಲ್ಲ. ಅದರ ಬಿಸಿ ಉಸಿರು ನನ್ನ ಮುಖಕ್ಕೆ ಹೊಡೆಯುತ್ತಿತ್ತು, ಹಲ್ಲುಗಳು ನನ್ನ ಬೆರಳ ಪಕ್ಕದಲ್ಲೇ ಇದ್ದವು. ಕಚ್ಚಿದರೆ ಕಚ್ಚಲಿ ಎಂದು ಎರಡೂ ಕೈಯಲ್ಲಿ ಅದರ ಮೂತಿಯನ್ನು ಹಿಂದೆ ನೂಕುತ್ತ "ಆಯೀ!" ಎಂದು ಕಿರುಚಿದೆ. ಆಯಿ ಬಂದು ಚೀಲ ಎಳೆದುಕೊಂಡು ಹೋದಳು. ಕುದುರೆಯ ತುಟಿಗೆ ಹಿಂಡಿಯ ಪುಡಿ ಮೆತ್ತಿತ್ತು. ನಾನು ಅದರ ಬಾಯಿಯೊಳಗೆ ನನ್ನ ಓಢಣಿ ತುರುಕಿ ತುರುಕಿ ಒರೆಸಿದೆ. ಎಷ್ಟು ನುಂಗಿದೆಯೋ, ನುಂಗಿದೆಯೋ ಇಲ್ಲವೋ... ಮಾವಶಿ ಬಂದ ಮೇಲೆ ಇಬ್ಬರೂ ಕುದುರೆಯ ಮುಂದೆಯೇ ಕೂತೆವು. ಅದು ಬೆವರುತ್ತದೆಯೇ, ತೊಡೆ ಅದುರುತ್ತದೆಯೇ ಎಂದು ನೋಡುತ್ತ ನೋಡುತ್ತ ಕತ್ತಲಾಯಿತು. ಅದಕ್ಕೇನೂ ಆಗಲಿಲ್ಲ. ಮಾವಶಿಗೆ ಮಾತ್ರ ಜ್ವರ ಬಂತು.

"ಇನ್ನರ ಹೇಳಿಬಿಡು ಮಾವಶಿ. ಒಂದು ದಿನ ನಾವು ಯಾರೂ ಇರಂಗಿಲ್ಲ, ಕುದುರಿ ತಿಂದು ಸಾಯ್ತದ" ಎಂದು ಮರುದಿನ ಗೋಗರೆದೆ.

"ಕುದುರಿ ಇವತ್ತಿಲ್ಲ ನಾಳಿ ಹೋಗೋದೇ ಅದ ಮಗಳ. ಅವ ಹೋಗಬಾರದು" ಎಂದಳು. ಅದರ ಮೇಲೆ ನಾನು ಮತ್ತೆ ಕೇಳಲಿಲ್ಲ.

ನನ್ನ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ, ಬಕೇಟಿನ ನೀರಿಗೆ ತಲೆ ಬಗ್ಗಿಸಿದ ಚಾಂದನಿ ತಲೆ ಎತ್ತಲಿಲ್ಲ. ಮುಂಗಾಲು ಮಡಚಿತು, ಬಿತ್ತು. ಡಾಕ್ಟರು ಹೇಳಿದಂತೆಯೇ ಆಯಿತು. ಮಾವಶಿ ಅದರ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕೂತುಬಿಟ್ಟಳು. ಅಳುವುದಕ್ಕೆ ಅವಳಿಗೆ ಪುರುಸೊತ್ತಿರಲಿಲ್ಲ. ಕಮಲಾಪುರದಿಂದ ಬಂದ ಮಾಮಾ ಕುದುರೆಯ ಮೇಲೆ ಬಿದ್ದು ಹೊರಳಾಡುತ್ತಿದ್ದ, ಅವನನ್ನು ಹಿಡಿಯಬೇಕಿತ್ತು. "ಹೋದ ವಾರ ಬಾಳಿ ಕಡಿಯೋ ಗದ್ದಲದಾಗ ಚೀಲ ಕಳಸ್ಲಿಲ್ಲ ಅಕ್ಕಾ. ಕಳಿಸಿದ್ರ ಉಳಿತಿತ್ತೇನೋ" ಎಂದು ಅವನು ಅತ್ತ. ಮಾವಶಿ ಅವನ ಬೆನ್ನು ಸವರುತ್ತ ನನ್ನ ಕಡೆ ನೋಡಿದಳು. ಬಾಯಿ ತೆರೆದೀ ಜೋಕೆ ಎನ್ನುವ ನೋಟ ಅದು.

ನನ್ನ ಮದುವೆಯಾಯಿತು, ಖೂಬಾ ಪ್ಲಾಟಿಗೆ ಬಂದೆ. ಮಾವಶಿ ಶಹಾಬಜಾರದಲ್ಲೇ ಹೊಲಿಯುತ್ತ ಇದ್ದಳು. ಸಕ್ಕರೆ ಕಾಯಿಲೆ ಏರಿ ಹೋದ ವರ್ಷ ತೀರಿಕೊಂಡಳು. ಕೊನೆಗೆ ನೋಡಲು ಹೋದಾಗ ಮಾಮಾ ಪಕ್ಕದಲ್ಲೇ ಇದ್ದದ್ದರಿಂದ ನಾವಿಬ್ಬರೂ ಚಾಂದನಿಯ ಮಾತೇ ತೆಗೆಯಲಿಲ್ಲ... ಅವಳಿಗೆ ನನ್ನ ಹತ್ತಿರ ಏನಾದರೂ ಹೇಳಬೇಕಿತ್ತೋ ಏನೋ.

ಹೋದ ತಿಂಗಳು ಆ ಡಬ್ಬಿಯ ವಾಸನೆ ಮೂಗಿಗೆ ಹತ್ತಿದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಮಾವಶಿಯ ಮಣ್ಣಿಗೆ ಹೋಗಿದ್ದು ಬಿಟ್ಟರೆ ಆಮೇಲೆ ಮಾಮಾನ ಮುಖ ನೋಡಿರಲಿಲ್ಲ. ಅದರ ಮುಂದಿನ ಭಾನುವಾರವೇ ಕಮಲಾಪುರದ ಬಸ್ಸು ಹತ್ತಿದೆ.

ಮಾಮಾನ ತಲೆ ಪೂರಾ ಬೆಳ್ಳಗಾಗಿತ್ತು. ನನ್ನನ್ನು ಕಂಡು ಹಿಗ್ಗಿಹೋದ. ಕೂರಲೂ ಬಿಡದೆ, "ಬಾ ಬಾ, ನಿನಗೊಂದು ತೋರಸ್ತೀನಿ" ಎಂದು ಮನೆಯ ಹಿಂದೆ ಕರೆದೊಯ್ದ. ಅಲ್ಲಿ ಕಂದು ಬಣ್ಣದ ಒಂದು ಎಳೆಯ ಕುದುರೆ ನಿಂತಿತ್ತು.

"ಅಕ್ಕನ ಹೆಸರ ಮ್ಯಾಲ ತಂದೀನಿ. ಇಷ್ಟು ದಿನ ಬರೇ ಹುಲ್ಲು ಹಾಕ್ದೆ. ಇವತ್ತಿನಿಂದ ಹಿಂಡಿ ಸುರು. ತುಳಸಿ ಲಗ್ನ ಅನ್ನೋದ್ರಾಗ ಹ್ಯಾಂಗ ಮಿಂಚ್ತದ ನೋಡು." ಅವನ ಕೈಯಲ್ಲಿ ಬಕೇಟಿತ್ತು. ಕಾಕಂಬಿಯ ವಾಸನೆ ನನಗೆ ಮೊದಲೇ ಬಡಿದಿತ್ತು. "ಅಕ್ಕ ಯಾವಾಗಲೂ ಅಂತಿದ್ಳು, ಹೊಟ್ಟಿ ಬ್ಯಾನ್ಯಾಗ ಬಿದ್ದ ಚಾಂದನಿ ಮತ್ತ ಮೈ ಹಿಡದಿದ್ದೇ ನೀ ಕಳಸೋ ಹಿಂಡಿಯಿಂದ ಅಂತ."

ಒಂದು ಸುಳ್ಳು ಹೇಳಬಹುದಿತ್ತು. ಆದರೆ ಮಾವಶಿಯ ಸುಳ್ಳಿನ ಹಿಂದೆ ಮಾವಶಿ ಹಗಲಿರುಳು ಕಾವಲಿದ್ದಳು. ನಾನು ಸಂಜೆಯ ಬಸ್ಸಿಗೆ ಹೋಗುವವಳು. ನಾನು ಬಸ್ಸು ಹತ್ತಿದ ಮೇಲೆ ಆ ಬಕೇಟು ಹಿಡಿಯುವವರು ಯಾರು? ಕುದುರೆ ಆಗಲೇ ಕತ್ತು ಚಾಚಿತ್ತು. ನಾನು ಮುಂದೆ ಹೋಗಿ ಬಕೇಟು ಕಿತ್ತುಕೊಂಡೆ, ಎಲ್ಲ ಹೇಳಿಬಿಟ್ಟೆ. ಡಾಕ್ಟರು ಅಂದದ್ದು, ಗೌಳಿಗೆ ಹೋಗುತ್ತಿದ್ದ ಚೀಲಗಳು, ಸುಳ್ಳು ಕುಂಟು, ಎಲ್ಲ.

ಮಾಮಾ ಅಳಲಿಲ್ಲ. "ಅಕ್ಕಗ ಗೊತ್ತಿತ್ತೇನು?" ಎಂದು ಕೇಳಿದ.

"ಗೊತ್ತಿತ್ತು ಮಾಮಾ. ಮೊದಲನೇ ದಿನದಿಂದ."

"ಪ್ರತಿ ಸಲ ಖಾಲಿ ಚೀಲ ತೊಳದು, ಮಡಚಿ ಕಳಿಸ್ತಿದ್ಳು. ಅದರಾಗ ಒಂದು ಕಾಳು ಇರ್ತಿರಲಿಲ್ಲ. ಚಾಂದನಿಗಿ ನನ್ನ ಹಿಂಡಿ ಎಷ್ಟು ಸೇರ್ತದ ಅಂತ ನಾ ಓಣ್ಯಾಗೆಲ್ಲ ಹೇಳ್ಕೊಂತ ತಿರಗ್ತಿದ್ದೆ" ಎಂದ. ಆಮೇಲೆ ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ನಾನು ಕರೆದರೂ ಏಳಲಿಲ್ಲ.

ಅವತ್ತಿನಿಂದ ದಿನಾ ಅವನ ಹೆಂಡತಿಗೆ ಫೋನು ಮಾಡುತ್ತೇನೆ. ಉಂಡನೇ, ಮಾತಾಡಿದನೇ ಎಂದು ಕೇಳುತ್ತೇನೆ. ನಿನ್ನೆ ಅವಳು, "ಒಂದು ರೊಟ್ಟಿ ಉಂಡಾರ ನೋಡ್ರಿ. ಆದ್ರ ಕುದುರಿ ಹತ್ರ ಹೋಗವಲ್ರು. ಹುಲ್ಲು ಸುದ್ದಾ ನನ್ನ ಕೈಲೇ ಹಾಕಸ್ತಾರ. ತಾವು ಮುಟ್ಟವಲ್ರು. ನೀವರ ಏನರ ಹೇಳ್ರಿ" ಎಂದಳು. ಮಾವಶಿ ಇದ್ದಿದ್ದರೆ ಏನಾದರೊಂದು ಸುಳ್ಳು ಹುಡುಕುತ್ತಿದ್ದಳು. ನನಗೆ ಯಾವುದೂ ಹೊಳೆಯಲಿಲ್ಲ. "ಭಾನುವಾರದ ಬಸ್ಸಿಗೆ ಬರ್ತೀನ್ರಿ, ಅಲ್ಲಿತನಕ ಹುಲ್ಲು ನೀವೇ ಹಾಕ್ರಿ" ಎಂದೆ.